ಸರ್ ಎಂ. ವಿಶ್ವೇಶ್ವರಯ್ಯನವರೂ ನಮ್ಮೂರ ಬೋರಿನ ನೀರೂ



ಈ ತಿಂಗಳ ಗೋಡೆ ಪತ್ರಿಕೆಯಲ್ಲಿ ಮಹಾಪುರುಷರೊಬ್ಬರ ಜೀವನಚರಿತ್ರೆ ಬರೆಯುವ ಸರದಿ ನನ್ನದು. ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಆದ್ದರಿಂದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರಿ ಅಂತ ಮೇಷ್ಟ್ರು ಹೇಳಿದರು. ಅವರ ವಿಷಯ ಗೊತ್ತಿಲ್ಲದವರು ಯಾರಿದ್ದಾರೆ? ಕನ್ನಂಬಾಡಿ ಕಟ್ಟೆ ಕಟ್ಟಿಸಿದರು, ಮೈಸೂರು ಪೇಟ ಇಡುತ್ತಿದ್ದರು, ನೂರು ವರ್ಷ ಬಾಳಿದರು ಅಂತ ಒಂದು ಹಾಳೆ ಬರೆದು ಅಂಟಿಸಿಬಿಡೋಣ ಅಂದುಕೊಂಡಿದ್ದೆ. ಆದರೆ ಲೈಬ್ರರಿ ಬೀರುವಿನಲ್ಲಿದ್ದ ಪುಸ್ತಕಗಳನ್ನು ಓದುತ್ತಾ ಹೋದ ಹಾಗೆ ಒಂದು ವಿಷಯ ತಿಳಿಯಿತು. ಅವರ ಕೆಲಸದಲ್ಲಿ ದೊಡ್ಡ ಪಾಲು ಜನರಿಗೆ ಕುಡಿಯುವ ನೀರು ಒದಗಿಸುವುದೇ ಆಗಿತ್ತು. ಅದೇ ವಾರ ನಮ್ಮ ಶಾಲೆಯ ನೀರಿನ ಪರೀಕ್ಷೆಯೂ ಆಯಿತು. ಎರಡೂ ನನ್ನ ತಲೆಯೊಳಗೆ ಸೇರಿಕೊಂಡವು. ಅದಕ್ಕೇ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಡ್ರಾಯಿಂಗ್ ಶೀಟು ನಾಲ್ಕು ಆದವು, ದಯವಿಟ್ಟು ನಿಂತು ಪೂರ್ತಿ ಓದಿ.

ಮೊದಲು ನನ್ನ ಹಲ್ಲಿನ ವಿಷಯ ಹೇಳಿಬಿಡುತ್ತೇನೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿವೆ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇವೆ. ಉಪ್ಪು ಹಾಕಿ ಉಜ್ಜಿದೆ, ಇದ್ದಿಲು ಹಾಕಿ ಉಜ್ಜಿದೆ, ಬೇವಿನ ಕಡ್ಡಿ ಹಾಕಿ ಒಸಡು ಕಿತ್ತುಹೋಗೋ ಹಾಗೆ ಉಜ್ಜಿದೆ. ಹೋಗಲಿಲ್ಲ. ನೆಂಟರ ಮದುವೆಯಲ್ಲಿ ಒಬ್ಬರು ನನಗೆ ಹಲ್ಲುಜ್ಜೋ ಅಭ್ಯಾಸ ಇಲ್ಲವಾ ಅಂತ ನಮ್ಮಮ್ಮನನ್ನೇ ಕೇಳಿಬಿಟ್ಟರು. ಆವತ್ತಿನಿಂದ ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತೆ. ಶಾಲೆಯ ಗ್ರೂಪ್ ಫೋಟೋದಲ್ಲಿ ನೋಡಿ, ಬಾಯಿ ಬಿಗಿಹಿಡಿದುಕೊಂಡು ನಿಂತಿರೋರು ನಾನೊಬ್ಬಳೇ ಅಲ್ಲ. ಮುಳಬಾಗಿಲು ಕಡೆ ಇರುವ ನಮ್ಮ ಚಿಕ್ಕಮ್ಮನ ಮಕ್ಕಳಿಗೂ ಹೀಗೇ ಇದೆ. ಮಾಲೂರು ಕಡೆ ಕೊಟ್ಟಿರುವ ನಮ್ಮ ಅತ್ತೆಯ ಮಗನಿಗೂ ಇದೆ.

ಇದು ಹಲ್ಲುಜ್ಜದೆ ಬಂದದ್ದಲ್ಲ, ನೀರಿನಿಂದ ಬಂದದ್ದು ಅಂತ ವಿಜ್ಞಾನದ ಟೀಚರ್ ಹೇಳಿದಾಗ ನನಗೆ ಅರ್ಧ ಸಮಾಧಾನ, ಅರ್ಧ ಸಿಟ್ಟು. ಇನ್ನು ವಿಶ್ವೇಶ್ವರಯ್ಯನವರ ಕಡೆಗೆ ಬರೋಣ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ಕೆಲವು ಪುಸ್ತಕಗಳಲ್ಲಿ 1860 ಅಂತಲೂ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೆ ಆ ಊರು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಂದರೆ ಅವರು ನಮ್ಮವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಹಿರಿಯರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಆ ಊರ ಹೆಸರು ಅವರ ಹೆಸರಿನ ಮುಂದೆ ನಿಂತಿತು. ತಂದೆ ಸಂಸ್ಕೃತ ಪಂಡಿತರು. ವಿದ್ಯೆ ಇತ್ತು, ಐಶ್ವರ್ಯ ಇರಲಿಲ್ಲ. ಹುಡುಗ ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು.

ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಬಾಲಕ ಬೆಂಗಳೂರಿಗೆ ಹೋದ. ಅಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿನ ಖರ್ಚು ದುಡಿದುಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸಾಯಿತು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1883ರಲ್ಲಿ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನಾಸಿಕ್‌ನಲ್ಲಿ ಕೆಲಸಕ್ಕೆ ಸೇರಿದರು. 

ಭೂಗೋಳದ ಪಾಠ ನೆನಪಿಸಿಕೊಳ್ಳಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಇವೆಲ್ಲಾ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟುತ್ತವೆ. ಹುಟ್ಟಿ ದೂರದ ಊರುಗಳಿಗೆ ಹೋಗಿಬಿಡುತ್ತವೆ. ನಮಗೆ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ವಿಶ್ವೇಶ್ವರಯ್ಯನವರೂ ಆ ನದಿಗಳ ಹಾಗೇ, ಇಲ್ಲಿ ಹುಟ್ಟಿ ದೂರದ ಊರುಗಳಿಗೆ ನೀರು ಕೊಡಲು ಹೊರಟರು.

ಅವರಿಗೆ ದೊಡ್ಡ ಪರೀಕ್ಷೆ ಎದುರಾದದ್ದು ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದಲ್ಲಿ. ಅದು ಈಗ ಪಾಕಿಸ್ತಾನದಲ್ಲಿದೆ. 1894ರಲ್ಲಿ ಅಲ್ಲಿಯ ಕುಡಿಯುವ ನೀರಿನ ಕೆಲಸ ಮುಗಿಸಿಕೊಡಲು ಅವರನ್ನು ಕಳಿಸಿದರು. ಊರ ಪಕ್ಕದಲ್ಲೇ ಸಿಂಧೂ ನದಿ ಸಮುದ್ರದ ಹಾಗೆ ಹರಿಯುತ್ತದೆ, ಆದರೆ ನೀರು ಕೆಸರು. ಲೋಟದಲ್ಲಿ ಹಿಡಿದರೆ ಗಸಿ ನಿಲ್ಲುತ್ತೆ. ನೀರು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆ ಹತ್ತಿರ ದುಡ್ಡಿಲ್ಲ. ಬೇರೆಯವರಾಗಿದ್ದರೆ ದುಡ್ಡು ಬಂದಮೇಲೆ ನೋಡೋಣ ಅಂತ ವಾಪಸ್ ಹೋಗುತ್ತಿದ್ದರೇನೋ. ಇವರು ನದಿಯನ್ನೇ ನೋಡುತ್ತಾ ಯೋಚಿಸಿದರು. ನದಿಯ ತಳದಲ್ಲಿ ಎಷ್ಟು ಬೇಕೋ ಅಷ್ಟು ಮರಳು ಇದೆ. ಆ ಮರಳೇ ಜರಡಿ ಆಗಬಹುದಲ್ಲ! ದಡದ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಕೆಸರು ನೀರು ಮರಳಿನೊಳಗಿಂದ ಜಿನುಗಿ ಬರುವಾಗ ಮಣ್ಣು ಅಲ್ಲೇ ಉಳಿದು, ಬಾವಿಗೆ ತಿಳಿನೀರು ಬಂತು. ಅದನ್ನು ಪಂಪಿನಿಂದ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ ಊರಿಗೆ ಬಿಟ್ಟರು. 1895ರಲ್ಲಿ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಒಣಹೊಳೆ ಮರಳಲ್ಲಿ ಚಿಲುಮೆ ತೋಡಿ ನೀರು ತುಂಬುತ್ತಿದ್ದರಂತಲ್ಲ ನಮ್ಮ ಹಿರಿಯರು, ಅದೇ ಉಪಾಯ. ಇವರು ಒಂದು ಪಟ್ಟಣಕ್ಕೆ ಆಗುವ ಹಾಗೆ ಲೆಕ್ಕ ಹಾಕಿ ಮಾಡಿದರು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಟೀಚರ್ ಹತ್ತಿರ ಓಡಿದೆ. ನಮ್ಮ ಬೋರಿನ ನೀರನ್ನೂ ಮರಳಲ್ಲಿ ಸೋಸಿದರೆ ಆಗಲ್ವಾ ಅಂತ ಕೇಳಿದೆ. ಟೀಚರ್ ನಗಲಿಲ್ಲ. ಒಂದು ಲೋಟ ನೀರಿಗೆ ಉಪ್ಪು ಹಾಕಿ ಕದಡಿ, ಬಿಳಿ ಬಟ್ಟೆಯಲ್ಲಿ ಸೋಸಿ, ಕುಡಿದು ನೋಡು ಅಂದರು. ಉಪ್ಪುಪ್ಪಾಗೇ ಇತ್ತು! ನೀರಲ್ಲಿ ತೇಲುವುದನ್ನು ಜರಡಿ ಹಿಡಿಯುತ್ತೆ, ಕರಗಿರುವುದನ್ನು ಹಿಡಿಯಲ್ಲ. ಸಿಂಧೂ ನದಿಯ ಶತ್ರು ಕಣ್ಣಿಗೆ ಕಾಣುವ ಶತ್ರು. ನಮ್ಮ ನೀರಿನ ಶತ್ರು ಕರಗಿ ಕೂತಿದೆ. ನೋಡಲು ನೀರು ಗಾಜಿನ ಹಾಗಿರುತ್ತೆ, ವಾಸನೆ ಇಲ್ಲ, ಕೆಟ್ಟ ರುಚಿಯೂ ಇಲ್ಲ. ಅದರ ಹೆಸರು ಫ್ಲೋರೈಡ್.

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನೆಲದಡಿ ಇರುವುದು ಗ್ರಾನೈಟು ಜಾತಿಯ ಗಟ್ಟಿ ಬಂಡೆ. ಆ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತಷ್ಟೂ ಅದು ನೀರಿಗೆ ಬಿಡುತ್ತಾ ಹೋಗುತ್ತದೆ. ನಮ್ಮಜ್ಜಿ ಚಿಕ್ಕವರಿದ್ದಾಗ ಕುಂಟೆ ನೀರು, ಸೇದೋ ಬಾವಿ ನೀರು ಕುಡಿದು ಬೆಳೆದವರು. ಅವರ ವಾರಿಗೆಯವರಿಗೆ ಈ ಕಂದು ಗೆರೆ ಇರಲಿಲ್ಲ ಅಂತ ಅಜ್ಜಿ ಹೇಳುತ್ತಾರೆ. ಆದರೆ ಆಗ ವಾಂತಿಭೇದಿ ಬಂದರೆ ಮನೆಮನೆ ಮಲಗುತ್ತಿತ್ತಂತೆ. ತೆರೆದ ನೀರಿನಲ್ಲಿ ರೋಗಾಣು ಇರುತ್ತೆ ಅಂತ ಊರೂರಿಗೆ ಬೋರು ಕೊರೆಸಿದರು. ಅದು ಒಳ್ಳೇದಕ್ಕೇ ಮಾಡಿದ್ದು. ಕೆರೆಗಳು ಬತ್ತುತ್ತಾ ಬಂದವು, ಬೋರುಗಳು ಕೆಳಗೆ ಕೆಳಗೆ ಹೋದವು. ಈಗ ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಕ್ಕರೆ ಪುಣ್ಯ. ಅಷ್ಟು ಆಳದ ನೀರು ಎಷ್ಟೋ ಕಾಲ ಬಂಡೆಯೊಳಗೇ ಇದ್ದ ನೀರು. ಬಾವಿಯ ರೋಗಾಣು ತಪ್ಪಿಸಿಕೊಳ್ಳಲು ಹೋಗಿ ಬಂಡೆಯ ಫ್ಲೋರೈಡಿಗೆ ಸಿಕ್ಕಿಕೊಂಡೆವು.

ಎಷ್ಟಿದ್ದರೆ ಅಪಾಯ? ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದೇ ಇದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಅಂತ ನಮ್ಮ ದೇಶದ ಮಾನಕ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಇದು ಎಷ್ಟು ಕಡಿಮೆ ಅಂದರೆ, 1000 ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಒಂದೂವರೆ ಗ್ರಾಂ, ಒಂದು ಚಿಟಿಕೆ! ಆ ಚಿಟಿಕೆ ದಾಟಿದ ನೀರನ್ನು ಚಿಕ್ಕ ಮಕ್ಕಳು ದಿನಾ ಕುಡಿದರೆ, ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿನ ಹೊಳಪು ಕೆಡುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ದು ಎಷ್ಟೋ ವರ್ಷ ಕುಡಿದರೆ ಮೂಳೆಗೂ ಇಳಿಯುತ್ತದೆ. ಕೀಲು ಬಿಗಿಯುತ್ತೆ, ಬೆನ್ನು ಬಗ್ಗಿಸೋಕೆ ಆಗಲ್ಲ.

ವಿಶ್ವೇಶ್ವರಯ್ಯನವರು ಇದರ ಬಗ್ಗೆ ಯಾಕೆ ಏನೂ ಮಾಡಲಿಲ್ಲ ಅಂತ ನನಗೆ ಮೊದಲು ಅನ್ನಿಸಿತ್ತು. ಆದರೆ ಅವರು ಸಕ್ಕರ್‌ನಲ್ಲಿ ಕೆಲಸ ಮಾಡುವಾಗ ಇದು ಪ್ರಪಂಚಕ್ಕೇ ಗೊತ್ತಿರಲಿಲ್ಲ. ಅಮೆರಿಕದ ಕೊಲರಾಡೋ ಎಂಬಲ್ಲಿ 1901ರಲ್ಲಿ ಮೆಕೆ ಎಂಬ ಹೊಸ ದಂತವೈದ್ಯರು ಆ ಊರ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ನೋಡಿ ಆಶ್ಚರ್ಯಪಟ್ಟರು. ಅದಕ್ಕೆ ನೀರಿನ ಫ್ಲೋರೈಡ್ ಕಾರಣ ಅಂತ ಗೊತ್ತಾಗಲು 1931 ಆಯಿತು. ಮೂವತ್ತು ವರ್ಷ ಹುಡುಕಿದರು! ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದರು. ನೆಲ್ಲೂರು ನಮಗೇನೂ ದೂರ ಅಲ್ಲ. ಕೊಲರಾಡೋದ ಆ ಮಕ್ಕಳೂ ನನ್ನ ಹಾಗೇ ಬಾಯಿ ಮುಚ್ಚಿಕೊಂಡು ನಕ್ಕಿರಬೇಕು.

ಮತ್ತೆ ಕಥೆಗೆ ಬರುತ್ತೇನೆ. ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯ ಇದೆ. ಮಳೆಗಾಲದಲ್ಲಿ ಅದರ ನೀರು ಕೋಡಿ ಹರಿದು ಪೋಲಾಗುತ್ತಿತ್ತು, ಬೇಸಿಗೆಗೆ ಸಾಲುತ್ತಿರಲಿಲ್ಲ. ಕಟ್ಟೆ ಎತ್ತರಿಸಲು ಬಹಳ ಖರ್ಚು. ವಿಶ್ವೇಶ್ವರಯ್ಯನವರು ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ಒಂದು ಮಟ್ಟ ಮುಟ್ಟುವವರೆಗೆ ಬಾಗಿಲು ತಡೆದು ನಿಲ್ಲಿಸುತ್ತೆ, ಪ್ರವಾಹ ಹೆಚ್ಚಾದರೆ ತಾನೇ ತೆರೆದುಕೊಳ್ಳುತ್ತೆ. 1903ರಲ್ಲಿ ಅವನ್ನು ಅಳವಡಿಸಿದರು. ಅದೇ ಕಟ್ಟೆ, ಅದೇ ಮಳೆ, ಆದರೆ ಹೆಚ್ಚು ನೀರು. ಪೋಲಾಗುವುದನ್ನು ತಡೆಯುವುದೂ ನೀರು ತಂದ ಹಾಗೇ ಅಂತ ಇದರಿಂದ ತಿಳಿಯಬೇಕು.

1906ರಲ್ಲಿ ಅವರನ್ನು ಏಡನ್‌ಗೆ ಕಳಿಸಿದರು. ಅದು ಅರಬ್ ದೇಶದ ಬಂದರು, ಈಗ ಯೆಮೆನ್‌ನಲ್ಲಿದೆ. ಅಲ್ಲಿ ಮಳೆಯೇ ಅಪರೂಪ. ಸುತ್ತಾ ಸಮುದ್ರ, ಕುಡಿಯಲು ತೊಟ್ಟು ಸಿಹಿನೀರಿಲ್ಲ. ಉಪ್ಪು ನೀರನ್ನು ಕುದಿಸಿ, ಆವಿ ಹಿಡಿದು, ತಣಿಸಿ ಕುಡಿಯುವ ಸ್ಥಿತಿ. ವಿಶ್ವೇಶ್ವರಯ್ಯನವರು ಊರೊಳಗೇ ಇನ್ನಷ್ಟು ತೋಡಿ ಅನ್ನಲಿಲ್ಲ. ಬಡಗಣ ದಿಕ್ಕಿನಲ್ಲಿ ಎಲ್ಲಿ ಮಳೆ ಬೀಳುತ್ತೆ, ಆ ನೀರು ಯಾವ ಹೊಳೆಯಲ್ಲಿ ಬಂದು ಎಲ್ಲಿ ಮರಳಲ್ಲಿ ಇಂಗುತ್ತೆ ಅಂತ ಪತ್ತೆಮಾಡಿದರು. ಲಹೆಜ್ ಪ್ರಾಂತ್ಯದ ಹೊಳೆಯ ಮರಳಿನಡಿಯ ನೀರನ್ನು ಏಡನ್‌ಗೆ ತರಬಹುದು ಎಂದು ವರದಿ ಕೊಟ್ಟರು. ಇರುವ ನೀರು ಕುಡಿಯಲು ಆಗದೇ ಇದ್ದರೆ ಅದನ್ನೇ ಮತ್ತೆ ಮತ್ತೆ ಕೆದಕಬೇಡ, ಒಳ್ಳೆ ನೀರು ಎಲ್ಲಿ ಬೀಳುತ್ತೆ ಅಂತ ತಲೆಯೆತ್ತಿ ನೋಡು. ನಾನು ಇದನ್ನು ಹೀಗೆ ಅರ್ಥಮಾಡಿಕೊಂಡೆ.

1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಷ್ಟರಲ್ಲಿ ಮುಂಬೈ ಸರ್ಕಾರದ ಕೆಲಸ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ 1909ರಲ್ಲಿ ಸಲಹೆಗಾಗಿ ಕರೆಸಿಕೊಂಡಿತು. ಊರ ಮೇಲ್ಗಡೆ ನದಿಗೆ ಅಣೆಕಟ್ಟು ಕಟ್ಟಿ ಪ್ರವಾಹ ಹಿಡಿಯಬೇಕು ಅಂತ ಅವರು ಯೋಜನೆ ಕೊಟ್ಟರು. ಅದರಿಂದ ಉಸ್ಮಾನ್ ಸಾಗರ 1920ರಲ್ಲೂ, ಹಿಮಾಯತ್ ಸಾಗರ 1927ರಲ್ಲೂ ಆದವು. ಊರನ್ನು ಮುಳುಗಿಸಿದ ನೀರೇ ಊರಿಗೆ ಕುಡಿಯುವ ನೀರಾಯಿತು.

1909ರಲ್ಲೇ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. ಮುಗಿದದ್ದು 1931ರಲ್ಲಿ. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು, ಅದೇ ವರ್ಷ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಹೀಗೆ ಒಂದರ ಮೇಲೊಂದು ಕೆಲಸ. ನಮ್ಮ ಮುಳಬಾಗಿಲಿನ ಡಿ.ವಿ.ಜಿ. ಅವರಿಗೆ ಆಪ್ತರಾಗಿದ್ದವರು. ಏನೇ ಕೆಲಸ ಬರಲಿ, ಮೊದಲು ಅಂಕಿಅಂಶ, ಆಮೇಲೆ ಮಾತು ಎನ್ನುವುದು ವಿಶ್ವೇಶ್ವರಯ್ಯನವರ ಕ್ರಮ.

ಆದರೆ ಒಂದು ಮಾತು ಮುಚ್ಚಿಡದೆ ಬರೆಯಬೇಕು. ಕನ್ನಂಬಾಡಿ ನೀರು ಮಂಡ್ಯವನ್ನು ಹಸಿರು ಮಾಡಿತು, ಅವರು ಹುಟ್ಟಿದ ಜಿಲ್ಲೆಗೆ ಬರಲಿಲ್ಲ. ನಾವು ಎತ್ತರದ ಸೀಮೆಯವರು, ಕಾವೇರಿ ನಮ್ಮ ಕಡೆ ಹತ್ತಿ ಬರುವುದಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಬಂತು, ನೀರು ಬರಲಿಲ್ಲ. ಕೊನೆಗೆ ಕಾವೇರಿ ನಮ್ಮ ಜಿಲ್ಲೆಗೆ ಹೇಗೆ ಬಂತು ಗೊತ್ತೇ? ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಪೈಪಿನಲ್ಲಿ ತಂದು, 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಇದನ್ನು ಕೆ.ಸಿ. ವ್ಯಾಲಿ ನೀರು ಅಂತೀವಲ್ಲ, ಅದೇ. ಅದು ಅಂತರ್ಜಲ ಏರಿಸಲು ಬಿಟ್ಟ ನೀರು, ನೇರ ಕುಡಿಯೋ ನೀರಲ್ಲ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರಲ್ಲಿ ಉದ್ಘಾಟನೆ ಆಯಿತು. ಅದು ಕೋಲಾರ, ಮಾಲೂರು, ಬಂಗಾರಪೇಟೆಗಳ ಕುಡಿಯುವ ನೀರಿಗೆ. ಎತ್ತಿನಹೊಳೆಯ ಮೊದಲ ಹಂತ 2024ರಲ್ಲಿ ಸಕಲೇಶಪುರದ ಕಡೆ ಉದ್ಘಾಟನೆ ಆಯಿತು. ನಮ್ಮ ಹಳ್ಳಿಯ ನಲ್ಲಿಯಲ್ಲಿ ಮಾತ್ರ ಬರುತ್ತಿರುವುದು ಬೋರಿನ ನೀರೇ.

ಈಗ ಆ ಪರೀಕ್ಷೆಯ ದಿನದ ವಿಷಯ. ಟೀಚರ್ ಪಂಚಾಯಿತಿಯಿಂದ ನೀರು ಪರೀಕ್ಷೆಯ ಪೆಟ್ಟಿಗೆ ತರಿಸಿದ್ದರು. ಮೂರು ಬಾಟಲಿ ನೀರು ಇಟ್ಟೆವು. ಒಂದು ಶಾಲೆಯ ಬೋರಿನದು, ಒಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು, ಇನ್ನೊಂದು ಕೆರೆಯ ಹಿಂದಿನ ತೋಟದ ಸೇದೋ ಬಾವಿಯದು. ಕಣ್ಣಿಗೆ ಮೂರೂ ಒಂದೇ. ಔಷಧಿಯ ಹನಿ ಹಾಕಿದರೆ ನೀರು ಗುಲಾಬಿ ಬಣ್ಣ ಆಗುತ್ತೆ, ಫ್ಲೋರೈಡ್ ಇದ್ದಷ್ಟೂ ಹಳದಿ ಕಡೆಗೆ ತಿರುಗುತ್ತೆ. ಘಟಕದ ನೀರು ಗುಲಾಬಿಯಾಗೇ ಉಳಿಯಿತು. ಬಾವಿ ನೀರೂ ಹೆಚ್ಚು ಕಡಿಮೆ ಗುಲಾಬಿ. ಶಾಲೆಯ ಬೋರಿನ ನೀರು ಹಳದಿಗೆ ತಿರುಗಿ, ಬಣ್ಣದ ಪಟ್ಟಿಯಲ್ಲಿ 1.5ರ ಗೆರೆ ದಾಟಿಬಿಟ್ಟಿತು. ಯಾರೂ ಮಾತಾಡಲಿಲ್ಲ. ಆ ಹಳದಿ ಬಣ್ಣ ನನ್ನ ಹಲ್ಲಿನ ಹಾಗೇ ಇತ್ತು.

ಬಾವಿ ನೀರು ಒಳ್ಳೇದು ಅಂತ ಕುಣಿಯಬೇಡಿ. ಅದರಲ್ಲಿ ರೋಗಾಣು ಇರಬಹುದು, ಕೊಟ್ಟಿಗೆ ಗೊಬ್ಬರ, ಶೌಚದ ಗುಂಡಿಯಿಂದ ನೈಟ್ರೇಟ್ ಇಳಿದಿರಬಹುದು. ಒಂದೊಂದು ನೀರಿಗೆ ಒಂದೊಂದು ಶತ್ರು. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತೆ! ಬ್ಲೀಚಿಂಗ್ ಪೌಡರಿನಿಂದಲೂ ಹೋಗಲ್ಲ. ಟಿ.ಡಿ.ಎಸ್. ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಕಾಣಲ್ಲ. ಘಟಕದ ಯಂತ್ರ ಫ್ಲೋರೈಡನ್ನು ಹಿಡಿಯುತ್ತೆ, ಆದರೆ ಅದರೊಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸಲೇಬೇಕು. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತೆ, ಅದನ್ನು ಅಡುಗೆಗಾಗಲಿ ದನಕ್ಕಾಗಲಿ ಹಿಡಿಯಬೇಡಿ.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಎರಡೂವರೆ ವರ್ಷದ ಒಬ್ಬ ತಮ್ಮ ಇದ್ದಾನೆ. ಅವನ ಹಾಲುಹಲ್ಲು ಮಲ್ಲಿಗೆ ಮೊಗ್ಗಿನ ಹಾಗಿವೆ. ಆದರೆ ಮುಂದೆ ಬರುವ ಹಲ್ಲುಗಳು ಈಗಲೇ ಒಸಡಿನೊಳಗೆ ತಯಾರಾಗುತ್ತಿವೆ. ಅವನು ಈಗ ಕುಡಿಯುವ ನೀರೇ ಅವುಗಳ ಬಣ್ಣ ತೀರ್ಮಾನಿಸುತ್ತೆ. ನನ್ನ ಹಲ್ಲು ಆದದ್ದಾಯಿತು. ಅವನದು ಇನ್ನೂ ನಮ್ಮ ಕೈಯಲ್ಲಿದೆ.

ನಮ್ಮ ಮನೆಯಲ್ಲಿ ಫಿಲ್ಟರ್ ನೀರು ತರುತ್ತಿದ್ದದ್ದು ನೆಂಟರು ಬಂದಾಗ ಮಾತ್ರ. 20 ಲೀಟರಿನ ಕ್ಯಾನಿಗೆ 5 ರೂಪಾಯಿ. ದಿನಾ ತಂದರೆ ತಿಂಗಳಿಗೆ 150 ಆಗುತ್ತೆ ಅಂತ ಅಪ್ಪ ತಲೆ ಕೆರೆದುಕೊಂಡರು. ಕೂಲಿಗೆ ಹೋಗೋರ ಮನೆಯಲ್ಲಿ ಅದು ಕಡಿಮೆ ದುಡ್ಡಲ್ಲ, ಅದಕ್ಕೆ ನಾನು ಹಠ ಮಾಡಲಿಲ್ಲ. ಅಜ್ಜಿ ಮಾತ್ರ ತಮ್ಮ ಎಲೆಅಡಿಕೆ ಸಂಚಿಯಿಂದ ಐದು ರೂಪಾಯಿ ತೆಗೆದು ಅಪ್ಪನ ಮುಂದೆ ಇಟ್ಟು ಒಳಗೆ ಹೋದರು. ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಎರಡು ಬಿಂದಿಗೆ. ಕುಡಿಯೋಕೆ, ಅಡುಗೆಗೆ ಒಂದು. ಪಾತ್ರೆ, ಬಟ್ಟೆ, ಸ್ನಾನಕ್ಕೆ ಇನ್ನೊಂದು. ತಮ್ಮ ಅಂಗನವಾಡಿಗೆ ಹೋಗುವಾಗ ಅಮ್ಮ ಬಾಟಲಿ ಕಟ್ಟಿಕೊಡುತ್ತಾರೆ. ಆದರೆ ಬಾಟಲಿ ತರದ ಮಕ್ಕಳು ಏನು ಕುಡಿಯಬೇಕು? ಕಳೆದ ಬೇಸಿಗೆಯಲ್ಲಿ ಘಟಕ ಕೆಟ್ಟು ನಿಂತಾಗ ಎಲ್ಲರೂ ಸಿಸ್ಟನ್ ನೀರೇ ಕುಡಿದೆವಲ್ಲ?

ಆಗ ನನಗೆ ಏಡನ್ ನೆನಪಾಯಿತು. ಒಳ್ಳೆ ನೀರು ಎಲ್ಲಿ ಬೀಳುತ್ತೆ ಅಂತ ತಲೆಯೆತ್ತಿ ನೋಡಿದರೆ, ಅದು ಬೀಳುವುದು ನಮ್ಮ ಶಾಲೆಯ ಸೂರಿನ ಮೇಲೆ! ಮಳೆ ನೀರು ಬಂಡೆ ಮುಟ್ಟಿ ಬಂದದ್ದಲ್ಲ, ಅದರಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಸರಿ, ವಿಶ್ವೇಶ್ವರಯ್ಯನವರ ಹಾಗೆ ಮೊದಲು ಲೆಕ್ಕ ಹಾಕೋಣ ಅಂತ ನಾನೂ ಗೆಳತಿಯರೂ ಟೇಪು ಹಿಡಿದು ಅಳತೆ ಮಾಡಿದೆವು.

ಶಾಲೆಯ ಮಾಳಿಗೆ ಉದ್ದ 20 ಮೀಟರ್, ಅಗಲ 8 ಮೀಟರ್. ಒಟ್ಟು 160 ಚದರ ಮೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಆದ್ದರಿಂದ 160ನ್ನು 700ರಿಂದ ಗುಣಿಸಿದರೆ 1,12,000 ಲೀಟರ್. ಮೊದಲ ಮಳೆಯ ಕೊಳೆ ನೀರು, ಸೋರಿದ್ದು, ಆವಿಯಾದದ್ದು ಅಂತ ಐದರಲ್ಲಿ ಒಂದು ಪಾಲು ಕಳೆಯಿರಿ. ಉಳಿದದ್ದು 89,600 ಲೀಟರ್. ನಾವು 120 ಮಕ್ಕಳು. ಕುಡಿಯೋಕೂ ಬಿಸಿಯೂಟಕ್ಕೂ ಸೇರಿ ತಲೆಗೆ ದಿನಕ್ಕೆ 2 ಲೀಟರ್ ಅಂದರೆ 240 ಲೀಟರ್. ಶಾಲೆ ನಡೆಯುವುದು 220 ದಿನ ಅಂದರೆ 52,800 ಲೀಟರ್. ಸಾಕಾಗಿ ಮಿಗುತ್ತೆ!

ಲೆಕ್ಕ ನೋಡಿ ಗಣಿತದ ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು. ಮಳೆ ಜೂನಿನಿಂದ ನವೆಂಬರ್ ಒಳಗೆ ಮುಗಿದುಹೋಗುತ್ತೆ, ಡಿಸೆಂಬರಿನಿಂದ ಬೇಸಿಗೆ ರಜೆವರೆಗೆ ಏನು ಮಾಡ್ತೀರಿ ಅಂತ. ಆ ಅವಧಿಗೆ ಸುಮಾರು 85 ದಿನದ ಶಾಲೆ. 85ನ್ನು 240ರಿಂದ ಗುಣಿಸಿದರೆ 20,400 ಲೀಟರ್. ಅಂದರೆ 25,000 ಲೀಟರಿನ ಒಂದು ಸಂಪು ಇದ್ದು, ಮಳೆಗಾಲದ ಕೊನೆಗೆ ಅದು ತುಂಬಿದ್ದರೆ ಸಾಕು. ಮಾಳಿಗೆ ಗುಡಿಸಿಟ್ಟು, ಮೊದಲ ಮಳೆ ಹೊರಗೆ ಬಿಟ್ಟು, ಜಲ್ಲಿ ಮರಳಿನ ತೊಟ್ಟಿಯಲ್ಲಿ ಸೋಸಿ, ಸಂಪನ್ನು ಬಿಸಿಲು ಸೊಳ್ಳೆ ಹೋಗದ ಹಾಗೆ ಮುಚ್ಚಿ, ರೋಗಾಣುವಿಗೆ ಕ್ಲೋರಿನ್ ಹಾಕಬೇಕು. ನೋಡಿ, ಸಕ್ಕರ್‌ನ ಮರಳು ಇಲ್ಲಿ ಕೆಲಸಕ್ಕೆ ಬಂತು! ಈ ಲೆಕ್ಕದ ಹಾಳೆಯನ್ನು ಹೆಡ್‌ಮೇಷ್ಟ್ರು ಶಾಲಾಭಿವೃದ್ಧಿ ಸಮಿತಿಯ ಮುಂದೆ ಇಡುತ್ತೇನೆ ಎಂದಿದ್ದಾರೆ. ಸಂಪು ಯಾವಾಗ ಆಗುತ್ತೋ ಗೊತ್ತಿಲ್ಲ. ಆದರೆ ಇನ್ನುಮೇಲೆ ಯಾರೂ ನಮ್ಮೂರಲ್ಲಿ ನೀರಿಲ್ಲ ಅಂತ ಸುಮ್ಮನೆ ಹೇಳೋ ಹಾಗಿಲ್ಲ. ಲೆಕ್ಕ ಗೋಡೆ ಮೇಲಿದೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. ಅದಕ್ಕೂ ಮೊದಲು, ತೊಂಬತ್ತು ದಾಟಿದ ಮೇಲೆ, ಬಿಹಾರದ ಮೊಕಾಮಾದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡಲು ಹೋಗಿದ್ದರು. ನಮ್ಮೂರಲ್ಲಿ ಅರವತ್ತಕ್ಕೇ ಜಗುಲಿ ಹಿಡಿಯುತ್ತಾರೆ! 1962ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲೇ. ಊರೂರಿಗೆ ನೀರು ಕೊಟ್ಟು ಕೊನೆಗೆ ತಮ್ಮೂರ ಒಣ ಮಣ್ಣಿಗೇ ಬಂದು ಸೇರಿದರು.

ಸ್ನೇಹಿತರೇ, ಇಂಜಿನಿಯರುಗಳ ದಿನ ಅವರ ಫೋಟೋಗೆ ಹೂ ಹಾಕಿ, ಸಿಹಿ ತಿಂದು, ಹಳದಿ ನೀರು ಕುಡಿದು ಮನೆಗೆ ಹೋದರೆ ಏನು ಬಂತು? ನಾಳೆಯಿಂದ ಎಲ್ಲರೂ ಮನೆಯಿಂದ ಘಟಕದ ನೀರಿನ ಬಾಟಲಿ ತನ್ನಿ. ತಂದವರು ತರದವರಿಗೆ ಕೊಡಿ. ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಚೆನ್ನಾಗಿ ತಿನ್ನಿ, ಸುಣ್ಣದ ಅಂಶವೂ ಸಿ ಜೀವಸತ್ವವೂ ಇದ್ದರೆ ಮೈ ತಡೆದುಕೊಳ್ಳುತ್ತೆ. ಚಿಕ್ಕ ಮಕ್ಕಳಿಗೆ ಟೀ ಕುಡಿಸಬೇಡಿ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ನಿಮ್ಮ ಮನೆ ಬೋರಿನ ನೀರನ್ನು ಒಂದು ಬಾಟಲಿ ತಂದು ಪರೀಕ್ಷೆ ಮಾಡಿಸಿ. ಯಾವ ಬೀದಿಯ ನೀರು ಗುಲಾಬಿ, ಯಾವ ಬೀದಿಯದು ಹಳದಿ ಅಂತ ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ನಕ್ಷೆ ಬರೆದು ಹಾಕೋಣ.

ಇನ್ನೊಂದು ಮಾತು. ಕಂದು ಹಲ್ಲಿನವರನ್ನು ನೋಡಿ ಯಾರೂ ನಗಬೇಡಿ. ಅದು ಅವರ ಕೊಳಕಲ್ಲ, ನಮ್ಮೂರ ಬಂಡೆಯ ಗುರುತು. ಮುಂದಿನ ಗ್ರೂಪ್ ಫೋಟೋದಲ್ಲಿ ನಾನು ಬಾಯಿ ತೆರೆದೇ ನಗುತ್ತೇನೆ. ನೀವೂ ನಗಿ.

ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ ಹೇಳಿ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ ವಿದ್ಯಾರ್ಥಿನಿ,
ಶ್ರೀನಿವಾಸಪುರ ತಾಲ್ಲೂಕು